ಕೆಲಸಕ್ಕೆ ಬಾಗಿಲು, ಮನೆಗೆ ಬೇಲಿ: ಕೇಂಬ್ರಿಡ್ಜ್‌ನ ಬಾಡಿಗೆ ಲೆಕ್ಕ

(ಕೇಂಬ್ರಿಡ್ಜ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎಳೆದಾಡಿದ್ದನ್ನು ಇಲ್ಲಿ ಸ್ವಲ್ಪ ಮೊಟಕು ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮನೆ ಬಾಡಿಗೆ ಬಗ್ಗೆ ಮಾತಾಡಿ ಅಂದಾಗ ಸಂಘಟಕರು ಮೊದಲೇ ಎಚ್ಚರಿಸಿದ್ದರು: "ಜನ ಕೇಳೋದು ಒಂದೇ. ಈಗ ತಗೋಬೇಕಾ, ಕಾಯಬೇಕಾ?" ಅದಕ್ಕೂ ಬರುತ್ತೇನೆ. ಆದರೆ ಅದಕ್ಕಿಂತ ಮುಂಚೆ, ಈ ಊರಲ್ಲಿ ಮನೆ ಇಷ್ಟು ದುಬಾರಿ ಆಗಿದ್ದು ಹೇಗೆ, ಆ ಹೊರೆ ಯಾರ ತಲೆ ಮೇಲೆ ಬಿತ್ತು ಅನ್ನೋದನ್ನು ನೋಡೋಣ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಈ ಸಭೆಯಲ್ಲಿ ಆಡನ್‌ಬ್ರೂಕ್ಸ್ ಆಸ್ಪತ್ರೆಯ ನರ್ಸುಗಳು ಇದ್ದೀರಿ. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಹೊಸ ನರ್ಸುಗಳ ದರ್ಜೆಯಾದ ಬ್ಯಾಂಡ್ 5ರ ಸಂಬಳ 2025–26ರಲ್ಲಿ ಶುರುವಾಗಿದ್ದು ವರ್ಷಕ್ಕೆ 31,049 ಪೌಂಡಿನಿಂದ. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪೆನ್ಷನ್ ಎಲ್ಲ ಹಿಡಿದುಕೊಂಡು ತಿಂಗಳಿಗೆ ಕೈಗೆ ಸಿಗುವುದು ಸುಮಾರು 2,000 ಪೌಂಡ್. ಕೇಂಬ್ರಿಡ್ಜ್ ನಗರದೊಳಗೆ ಸರಾಸರಿ ಮನೆ ಬಾಡಿಗೆ ತಿಂಗಳಿಗೆ 1,700 ಪೌಂಡ್ ದಾಟಿದೆ. ಇನ್ನು ಉಳಿದಿದ್ದೆಷ್ಟು ಅಂತ ನಾನು ಹೇಳಬೇಕಿಲ್ಲ.

ವಿಷಯ ಅಷ್ಟಕ್ಕೇ ಮುಗಿಯಲ್ಲ. ಹೊಟ್ಟೆಬಟ್ಟೆ ಕಟ್ಟಿ ಬಾಡಿಗೆ ಕಟ್ಟುತ್ತೇನೆ ಅಂದರೂ ಮನೆ ಸಿಗುವುದಿಲ್ಲ. ಯಾಕೆಂದರೆ ಏಜೆಂಟರ ಹತ್ತಿರ ಒಂದು ಸೂತ್ರ ಇದೆ. ಬಾಡಿಗೆದಾರರ ವರ್ಷದ ಸಂಬಳ ತಿಂಗಳ ಬಾಡಿಗೆಯ 30 ಪಟ್ಟು ಇರಬೇಕು. 1,700ರ ಮನೆಗೆ 51,000 ಸಂಬಳ ತೋರಿಸಬೇಕು. 31,049 ಸಂಬಳದವರು ಒಬ್ಬರೇ ಅರ್ಜಿ ಹಾಕಿದರೆ 1,035 ಪೌಂಡಿನ ಮನೆವರೆಗೆ ಮಾತ್ರ ಪಾಸು. ಆ ಬಾಡಿಗೆಗೆ ನಗರದೊಳಗೆ ಇಡೀ ಮನೆ ಸಿಕ್ಕರೆ ನಂಗೂ ಫೋನ್ ಮಾಡಿ. ಇಲ್ಲಿ ನಾಲ್ಕು ಜನ ಹಂಚಿಕೊಂಡ ಮನೆಯ ಒಂದು ರೂಮಿಗೇ 700–800 ಕೊಡುವುದು ಮಾಮೂಲಾಗಿದೆ.

ಹಾಗಾಗಿ ಏನಾಗುತ್ತದೆ? ಗಂಡ ಹೆಂಡತಿ ಇಬ್ಬರ ಸಂಬಳ ಸೇರಿಸಿ ತೋರಿಸುತ್ತಾರೆ. ಗಂಡನಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಂದರೆ ಜಾಮೀನುದಾರ ಬೇಕು. ಆ ಜಾಮೀನುದಾರ ಇದೇ ದೇಶದಲ್ಲಿ ಸಂಬಳ ತಗೊಳ್ಳುವವರಾಗಿರಬೇಕು. ಹೊಸದಾಗಿ ಬಂದವರಿಗೆ ಅಂಥವರು ಎಲ್ಲಿಂದ ಸಿಗುತ್ತಾರೆ? ಅದಕ್ಕೇ ನಮ್ಮವರು ಬಹಳ ವರ್ಷ ಒಂದು ದಾರಿ ಹಿಡಿದಿದ್ದರು: ಆರು ತಿಂಗಳ ಬಾಡಿಗೆ ಒಟ್ಟಿಗೆ ಮುಂಗಡ. ಊರಲ್ಲಿ ಎಫ್‌ಡಿ ಮುರಿಸಿ ಅಪ್ಪನೋ ಮಾವನೋ ಕಳಿಸಿದ ದುಡ್ಡು ಅದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದವರಿಗೆ ಇದು ವಿಚಿತ್ರ ಅನ್ನಿಸಲೂ ಇಲ್ಲ.

ಈಗ ಇತಿಹಾಸಕ್ಕೆ ಹೋಗೋಣ. ಬೋರ್ ಹೊಡೆಸಲ್ಲ, ಯಾಕೆಂದರೆ ಇವತ್ತಿನ ಬಾಡಿಗೆಯ ಬೇರು ಇರುವುದೇ ಅಲ್ಲಿ.

1950ರಲ್ಲಿ ವಿಲಿಯಂ ಹೋಲ್‌ಫರ್ಡ್ ಮತ್ತು ಮೈಲ್ಸ್ ರೈಟ್ ಅನ್ನೋ ಇಬ್ಬರು ಯೋಜಕರು ಕೇಂಬ್ರಿಡ್ಜ್‌ಗೆ ಒಂದು ನಕ್ಷೆ ಬರೆದುಕೊಟ್ಟರು. ಸಾರ ಇಷ್ಟೇ: ಇದು ವಿಶ್ವವಿದ್ಯಾಲಯದ ಊರು, ಸಣ್ಣದಾಗಿಯೇ ಇರಲಿ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು ನಿಂತರೆ ಸಾಕು. ಕಾರ್ಖಾನೆ ಬೇಡ, ಊರು ಹರಡುವುದು ಬೇಡ. ಸುತ್ತ ಮನೆ ಕಟ್ಟಲು ಬಿಡದ ಹಸಿರು ಪಟ್ಟಿ, ಅಂದರೆ ಗ್ರೀನ್ ಬೆಲ್ಟ್ ಬಂತು. ಆ ಕಾಲದಲ್ಲಿ ಈ ಯೋಚನೆಗೆ ಅರ್ಥ ಇತ್ತು. ಕಾಲೇಜುಗಳ ಹಿಂದಿನ ಹುಲ್ಲುಗಾವಲು, ಕ್ಯಾಮ್ ನದಿ, ದನ ಮೇಯುವ ಬಯಲು ಇವೆಲ್ಲ ಇವತ್ತಿಗೂ ಉಳಿದಿವೆ ಅಂದರೆ ಅದಕ್ಕೆ ಈ ಹಟವೇ ಕಾರಣ. ಭಾನುವಾರ ಮಕ್ಕಳನ್ನು ಕರಕೊಂಡು ಗ್ರ್ಯಾಂಟ್‌ಚೆಸ್ಟರ್‌ವರೆಗೆ ನಡೆಯುವವರು ನಾವೆಲ್ಲ ಅದರ ಫಲ ಉಣ್ಣುತ್ತಿದ್ದೇವೆ.

ಈ ನೀತಿಯನ್ನು ಎಷ್ಟು ಬಿಗಿಯಾಗಿ ಪಾಲಿಸಿದರು ಅಂದರೆ, 1960ರ ದಶಕದಲ್ಲಿ ಐಬಿಎಂ ಕಂಪನಿ ಇಲ್ಲಿ ಸಂಶೋಧನಾ ಕೇಂದ್ರ ತೆರೆಯುತ್ತೇವೆ ಅಂದಾಗ ಬೇಡ ಅಂದುಬಿಟ್ಟರು. ಐಬಿಎಂಗೆ ಬೇಡ ಅಂದ ಊರು! ಆಮೇಲೆ ವಿಶ್ವವಿದ್ಯಾಲಯದವರೇ ತಲೆ ಕೆರೆದುಕೊಂಡರು. ವಿಜ್ಞಾನ ಇಲ್ಲಿ ಹುಟ್ಟಿ, ಅದರಿಂದ ಬರುವ ಕೆಲಸ ಬೇರೆ ಕಡೆ ಹೋದರೆ ಏನು ಬಂತು? 1969ರಲ್ಲಿ ವಿಶ್ವವಿದ್ಯಾಲಯದ್ದೇ ಆದ ಮಾಟ್ ಸಮಿತಿ ವಿಜ್ಞಾನದ ಉದ್ಯಮಕ್ಕೆ ಜಾಗ ಬಿಡಿ ಅಂತು. 1970ರಲ್ಲಿ ಟ್ರಿನಿಟಿ ಕಾಲೇಜು ತನ್ನ ಜಮೀನಿನಲ್ಲಿ ಸೈನ್ಸ್ ಪಾರ್ಕ್, ಅಂದರೆ ವಿಜ್ಞಾನದ ಕಂಪನಿಗಳಿಗೆಂದೇ ಒಂದು ಬಡಾವಣೆ ಶುರು ಮಾಡಿತು. ಅಲ್ಲಿಂದ ಮುಂದಿನದು ನಿಮಗೆ ಗೊತ್ತು. 1990ರಲ್ಲಿ ಸ್ವಾಫಮ್ ಬಲ್ಬೆಕ್ ಹಳ್ಳಿಯ ಒಂದು ಹಳೇ ಕಣಜದ ಕಟ್ಟಡದಲ್ಲಿ 12 ಜನ ಇಂಜಿನಿಯರುಗಳು ಸೇರಿ ಚಿಪ್ ವಿನ್ಯಾಸ ಮಾಡುವ ಆರ್ಮ್ ಕಂಪನಿ ಕಟ್ಟಿದರು. ಇವತ್ತು ಅದೇ ಕಂಪನಿಯ ದೊಡ್ಡ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿಂದ ಇಲ್ಲಿಗೆ ವರ್ಗವಾಗಿ ಬಂದವರು ಇವತ್ತು ಹಿಂದಿನ ಸಾಲಿನಲ್ಲೇ ಕೂತಿದ್ದೀರಿ. ಔಷಧ ಕಂಪನಿ ಆಸ್ಟ್ರಾಜೆನೆಕಾ ತನ್ನ ಮುಖ್ಯ ಕಚೇರಿಯನ್ನೇ ಇಲ್ಲಿಗೆ ತಂದಿತು. 2019ರಲ್ಲಿ ಪ್ಯಾಪ್‌ವರ್ತ್ ಹೃದಯ ಆಸ್ಪತ್ರೆಯೂ ಹಳ್ಳಿ ಬಿಟ್ಟು ಆಡನ್‌ಬ್ರೂಕ್ಸ್ ಪಕ್ಕಕ್ಕೆ ಬಂತು.

ನನ್ನ ಪ್ರಕಾರ ಎಡವಿದ್ದು ಇಲ್ಲಿಯೇ. ಕೆಲಸದ ನೀತಿ 1970ರಲ್ಲಿ ಬದಲಾಯಿತು. ಮನೆಯ ನೀತಿ 1950ರದ್ದೇ ಉಳಿಯಿತು. ಕೆಲಸಕ್ಕೆ ಬಾಗಿಲು ತೆರೆದರು, ಮನೆಗೆ ಹಾಕಿದ ಬೇಲಿ ತೆಗೆಯಲಿಲ್ಲ. ಹಸಿರು ಪಟ್ಟಿಯ ಕೆಲವು ತುಂಡುಗಳನ್ನು ಮನೆ ಕಟ್ಟಲು ಬಿಟ್ಟಿದ್ದು 2000ದ ಈಚೆಗೆ. ಟ್ರಂಪಿಂಗ್‌ಟನ್ ಬಳಿಯ ಹೊಸ ಬಡಾವಣೆಗಳು, ವಾಯವ್ಯದ ಎಡಿಂಗ್‌ಟನ್ ಎಲ್ಲ ಹಾಗೆ ಬಂದವು. ಅಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. 2011ರಲ್ಲಿ 1,23,900 ಇದ್ದ ನಗರದ ಜನಸಂಖ್ಯೆ 2021ರ ಗಣತಿಯಲ್ಲಿ 1,45,700 ಆಯಿತು. ಹತ್ತು ವರ್ಷದಲ್ಲಿ ಶೇ. 17ಕ್ಕೂ ಜಾಸ್ತಿ. ಸೀಟು ಇರುವುದು ನಲವತ್ತು, ಟಿಕೆಟ್ ಕೊಟ್ಟಿದ್ದು ನೂರು ಜನಕ್ಕೆ ಅಂದರೆ ಬಸ್ಸಿನಲ್ಲಿ ಏನಾಗುತ್ತದೋ ಅದೇ ಆಯಿತು.

ಮಿಲ್ ರೋಡ್ ನಿಮಗೆಲ್ಲ ಗೊತ್ತು. ಕರಿಬೇವು, ಸೋನಾ ಮಸೂರಿ ಅಂತ ಹೋಗುತ್ತೇವಲ್ಲ. ಅಲ್ಲಿ ರೈಲು ಸೇತುವೆ ದಾಟಿದರೆ ರಾಮ್ಸಿ ಬಡಾವಣೆ. ಸಾಲು ಮನೆಗಳು. ಮುಂದೆ ಅಂಗಳ ಇಲ್ಲ, ಬಾಗಿಲು ತೆರೆದರೆ ನೇರ ಫುಟ್‌ಪಾತ್. ಕೆಳಗೆ ಎರಡು ರೂಮು, ಮೇಲೆ ಎರಡು ರೂಮು, ಮೆಟ್ಟಿಲು ಎಷ್ಟು ಕಿರಿದು ಅಂದರೆ ಫ್ರಿಜ್ ಹೊತ್ತವರು ಅಡ್ಡ ತಿರುಗಬೇಕು. ಬಚ್ಚಲು ಮನೆ ಆಮೇಲೆ ಹಿಂಭಾಗಕ್ಕೆ ಅಂಟಿಸಿದ್ದು. ಈ ಮನೆಗಳನ್ನು 19ನೇ ಶತಮಾನದ ಕೊನೆಗೆ ಕಟ್ಟಿದ್ದು ರೈಲ್ವೆ ಕೆಲಸಗಾರರಿಗೆ. 1926ರ ಸಾರ್ವತ್ರಿಕ ಮುಷ್ಕರದಲ್ಲಿ ಇಲ್ಲಿನವರು ಎಷ್ಟು ಗಟ್ಟಿಯಾಗಿ ನಿಂತರು ಅಂದರೆ ಈ ಬಡಾವಣೆಗೆ 'ಪುಟ್ಟ ರಷ್ಯಾ' ಅಂತಲೇ ಅಡ್ಡಹೆಸರು ಬಿತ್ತು. ಇವತ್ತು ಅಂಥ ಒಂದು ಮನೆಗೆ ಐದು ಲಕ್ಷ ಪೌಂಡಿನ ಹತ್ತಿರ ಕೇಳುತ್ತಾರೆ. ಹತ್ತಿರದ ಅದೇ ಸ್ಟೇಷನ್ನಿನಲ್ಲಿ ಟಿಕೆಟ್ ನೋಡುವವರ ಸಂಬಳಕ್ಕೆ ಈ ಮನೆ ಎಟುಕುವುದಿಲ್ಲ. ಅದನ್ನು ಕೊಳ್ಳುವವರು ಔಷಧ ಕಂಪನಿಯವರು, ಚಿಪ್ ಕಂಪನಿಯವರು, ಇಲ್ಲಾ ಲಂಡನ್ನಿಗೆ ದಿನಾ ಹೋಗಿ ಬರುವವರು. ಕಿಂಗ್ಸ್ ಕ್ರಾಸ್‌ಗೆ ರೈಲಿನಲ್ಲಿ 50 ನಿಮಿಷ ಅಷ್ಟೇ, ಅಲ್ವಾ?

ಕೊಳ್ಳುವ ಲೆಕ್ಕವನ್ನೂ ಒಮ್ಮೆ ಹಾಕಿಬಿಡೋಣ. ಐದು ಲಕ್ಷದ ಮನೆ. ಶೇ. 10 ಕೈಯಿಂದ ಹಾಕಿದಿರಿ, ಅಂದರೆ 50,000. ಉಳಿದ ನಾಲ್ಕೂವರೆ ಲಕ್ಷ ಸಾಲ. ಬ್ಯಾಂಕುಗಳು ಸಾಮಾನ್ಯವಾಗಿ ಕೊಡುವುದು ವರ್ಷದ ಆದಾಯದ ನಾಲ್ಕೂವರೆ ಪಟ್ಟು. ಹಾಗಾದರೆ ಮನೆಯಲ್ಲಿ ದುಡಿಯುವವರ ಒಟ್ಟು ಆದಾಯ ವರ್ಷಕ್ಕೆ ಒಂದು ಲಕ್ಷ ಪೌಂಡ್ ಇರಬೇಕು. ಬಡ್ಡಿ ಶೇ. 2 ಇದ್ದಾಗ ಈ ಸಾಲಕ್ಕೆ 30 ವರ್ಷದ ಕಂತು ತಿಂಗಳಿಗೆ ಸುಮಾರು 1,660. ಶೇ. 4.5 ಆದರೆ ಸುಮಾರು 2,280. ಮನೆ ಅದೇ, ಗೋಡೆ ಅದೇ, ತಿಂಗಳಿಗೆ 600 ಪೌಂಡ್ ಜಾಸ್ತಿ. ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರ 2020ರ ಮಾರ್ಚಿನಲ್ಲಿ ಶೇ. 0.1 ಇದ್ದದ್ದು 2023ರ ಆಗಸ್ಟ್ ಹೊತ್ತಿಗೆ 5.25ಕ್ಕೆ ಏರಿತು. ಮಧ್ಯೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರದ ಮಿನಿ ಬಜೆಟ್‌ನಿಂದ ಮನೆ ಸಾಲದ ಬಡ್ಡಿ ಏಕಾಏಕಿ ಏರಿದ ಗಲಾಟೆ ಬೇರೆ. 2024ರ ಆಗಸ್ಟ್‌ನಿಂದ ದರ ಮೆಲ್ಲಗೆ ಇಳಿಯತೊಡಗಿತು.

ಈ ಬಡ್ಡಿ ಏರಿಕೆ ಬಾಡಿಗೆದಾರರಿಗೂ ತಟ್ಟಿತು. ಕೊಳ್ಳಬೇಕಿದ್ದವರು ಬಾಡಿಗೆಯಲ್ಲೇ ಉಳಿದರು. ಸಾಲ ಮಾಡಿ ಮನೆ ಬಾಡಿಗೆಗೆ ಕೊಟ್ಟಿದ್ದ ಸಣ್ಣ ಮಾಲೀಕರಲ್ಲಿ ಕೆಲವರು ಕಂತು ಕಟ್ಟಲಾರದೆ ಮನೆ ಮಾರಿ ಹೊರಬಂದರು. ಅವರಿಗೆ ಮೊದಲೇ ಇನ್ನೊಂದು ಪೆಟ್ಟು ಬಿದ್ದಿತ್ತು. 2017ರಿಂದ 2020ರವರೆಗೆ ಹಂತ ಹಂತವಾಗಿ ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಪೂರ್ತಿ ಕಳೆಯುವ ಸವಲತ್ತನ್ನು ತೆಗೆದು, ಶೇ. 20ರ ರಿಯಾಯಿತಿ ಮಾತ್ರ ಉಳಿಸಿದರು. ಮಾಲೀಕರೆಲ್ಲ ದುರಾಸೆಯವರು ಅಂತ ಬೈಯುವುದು ಸುಲಭ. ನಾನೂ ಬೈದಿದ್ದೇನೆ. ಆದರೆ ಮನೆಗಳೇ ಸಾಕಾಗದ ಊರಲ್ಲಿ ಒಳ್ಳೆಯ ಮಾಲೀಕರ ಮನೆಗೂ ಬಾಡಿಗೆ ಏರುತ್ತದೆ. 2024ರಲ್ಲಿ ಇಂಗ್ಲೆಂಡಿನಾದ್ಯಂತ ಬಾಡಿಗೆ ವರ್ಷಕ್ಕೆ ಶೇ. 8–9ರಂತೆ ಏರಿತು.

ಊರೊಳಗೆ ಆಗದವರು ಹೊರಗೆ ಹೋದರು. ಹಸಿರು ಪಟ್ಟಿಯ ಒಂದು ಗುಣ ಏನೆಂದರೆ, ಅದು ಜನರನ್ನು ತಡೆಯುವುದಿಲ್ಲ, ಹಾರಿಸಿ ಆಚೆ ಎಸೆಯುತ್ತದೆ. ಪಟ್ಟಿಯಾಚೆ ಕ್ಯಾಂಬೋರ್ನ್ ಎದ್ದಿತು. 1998ರಲ್ಲಿ ಕಟ್ಟಲು ಶುರು ಮಾಡಿದ ಊರು. ನಮ್ಮವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊಸ ಮನೆ, ಒಳ್ಳೆ ಶಾಲೆ, ಕಾರು ನಿಲ್ಲಿಸಲು ಜಾಗ, ಎಲ್ಲ ಸರಿ. ಆದರೆ ರೈಲು ಇಲ್ಲ. ಆಕ್ಸ್‌ಫರ್ಡ್‌ಗೂ ಕೇಂಬ್ರಿಡ್ಜ್‌ಗೂ ಒಂದು ರೈಲು ಮಾರ್ಗ ಇತ್ತು. 1967ರ ಕೊನೆಗೆ ಅದನ್ನು ಮುಚ್ಚಿದರು. ಈಗ ಈಸ್ಟ್ ವೆಸ್ಟ್ ರೈಲ್ ಅಂತ ಮತ್ತೆ ಹೊಸದಾಗಿ ಕಟ್ಟುವ ಯೋಜನೆ ಇದೆ, ಅದರಲ್ಲಿ ಕ್ಯಾಂಬೋರ್ನ್‌ಗೊಂದು ಸ್ಟೇಷನ್ನೂ ಇದೆ. ಹೇವರ್‌ಹಿಲ್ ಕಥೆಯೂ ಅದೇ. ಲಂಡನ್ನಿನ ಜನರನ್ನು ಕಳಿಸಿ ಬೆಳೆಸಿದ ಊರು ಅದು. ಅಲ್ಲಿ ಬಾಡಿಗೆ ಕಡಿಮೆ. ಆದರೆ ಅದರ ರೈಲೂ 1967ರಲ್ಲೇ ನಿಂತಿತು. ಬೆಳಿಗ್ಗೆ ಏಳೂವರೆಗೆ ವಾರ್ಡಿನಲ್ಲಿ ಇರಬೇಕಾದ ನರ್ಸ್ ಎ1307 ರಸ್ತೆಯ ಬಸ್ಸನ್ನೋ ಕಾರನ್ನೋ ನಂಬಬೇಕು. ಈಲಿ ಅನ್ನೋ ಊರು ಎಷ್ಟೋ ವಾಸಿ. ರೈಲಿನಲ್ಲಿ 15 ನಿಮಿಷ. ಹಾಗಾಗಿ ಅಲ್ಲಿನ ಬಾಡಿಗೆಯೂ ಈಗ ಏರುತ್ತಿದೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಪೆಟ್ರೋಲು, ಪಾಸು, ನಿದ್ದೆ ಇವುಗಳಲ್ಲಿ ಕಟ್ಟುತ್ತೇವೆ. ಇದು ಯಾವ ಸರ್ಕಾರಿ ಸರಾಸರಿಯಲ್ಲೂ ಬಾಡಿಗೆ ಅಂತ ಲೆಕ್ಕಕ್ಕೆ ಬರುವುದಿಲ್ಲ.

ನಾರ್ತ್‌ಸ್ಟೋ ಬಗ್ಗೆ ಒಂದು ಮಾತು. ಓಕಿಂಗ್‌ಟನ್‌ನ ಹಳೇ ವಾಯುನೆಲೆಯ ಮೇಲೆ 10,000 ಮನೆಗಳ ಊರು ಅಂತ ಯೋಜನೆ. 2017ರಲ್ಲಿ ಮೊದಲ ಕುಟುಂಬಗಳು ಬಂದವು. ಐದು ವರ್ಷ ಕಳೆದರೂ ಅಲ್ಲೊಂದು ಅಂಗಡಿ ಇರಲಿಲ್ಲ, ಡಾಕ್ಟರ ಕ್ಲಿನಿಕ್ ಇರಲಿಲ್ಲ. ಹಾಲು ತರಲು ಪಕ್ಕದ ಹಳ್ಳಿಗೆ ಹೋಗಬೇಕಿತ್ತು. ಇಂಥ ಊರಲ್ಲಿ ಮನೆಯ ಬೆಲೆ ಕಡಿಮೆ ಅಂತ ಬ್ರೋಷರ್ ಹೇಳುತ್ತದೆ. ಎರಡನೇ ಕಾರಿನ ಖರ್ಚನ್ನು ಬ್ರೋಷರ್ ಹೇಳುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡು ಬಂದ ವಿಷಯ. ಸ್ವಲ್ಪ ತಾಂತ್ರಿಕ, ತಾಳ್ಮೆಯಿಂದ ಕೇಳಿ.

ಕಡಿಮೆ ಆದಾಯದ ಬಾಡಿಗೆದಾರರಿಗೆ ಸರ್ಕಾರ ಸಹಾಯ ಕೊಡುತ್ತದೆ. ಎಷ್ಟು ಕೊಡಬೇಕು ಅನ್ನೋದಕ್ಕೆ ಲೋಕಲ್ ಹೌಸಿಂಗ್ ಅಲೋಯನ್ಸ್ ಅಂತ ಒಂದು ಮಿತಿ ಇದೆ. ಒಂದು ಪ್ರದೇಶದ ಬಾಡಿಗೆಗಳನ್ನೆಲ್ಲ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿ, ಕೆಳಗಿನಿಂದ ನೂರಕ್ಕೆ 30ನೇ ಜಾಗದಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆಯ ತನಕ ಸಹಾಯ. ಅಂದರೆ ಆ ಪ್ರದೇಶದ ಹತ್ತರಲ್ಲಿ ಮೂರು ಮನೆ ಬಡವರ ಕೈಗೆ ಎಟುಕಬೇಕು ಅನ್ನೋದು ಉದ್ದೇಶ. ಕೇಳಲು ನ್ಯಾಯವಾಗಿದೆ. ಆದರೆ 'ಆ ಪ್ರದೇಶ' ಯಾವುದು? ಅದಕ್ಕೊಂದು ನಕ್ಷೆ ಇದೆ. ಕೇಂಬ್ರಿಡ್ಜ್ ನಕ್ಷೆಯೊಳಗೆ ಬರೀ ಕೇಂಬ್ರಿಡ್ಜ್ ಇಲ್ಲ. ಈಲಿ ಇದೆ, ಕುದುರೆ ರೇಸಿನ ನ್ಯೂಮಾರ್ಕೆಟ್ ಇದೆ, ಹೇವರ್‌ಹಿಲ್ ಇದೆ. ಅಲ್ಲಿನ ಕಡಿಮೆ ಬಾಡಿಗೆ, ಇಲ್ಲಿನ ದುಬಾರಿ ಬಾಡಿಗೆ ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಗೆರೆ ಬೀಳುವುದು ಎಲ್ಲಿ? ಹೇವರ್‌ಹಿಲ್ ಮನೆಗಳ ನಡುವೆ. ಕೇಂಬ್ರಿಡ್ಜ್ ನಗರದಲ್ಲಿ ಆ ಗೆರೆಯ ಕೆಳಗೆ ಬರುವ ಮನೆ ಹುಡುಕಿ ಹುಡುಕಿ ಸುಸ್ತಾಗಬೇಕು.

ಇದರ ಮೇಲೆ ಆ ಗೆರೆಯನ್ನು ಆಗಾಗ ಫ್ರೀಜ್ ಮಾಡುತ್ತಾರೆ. 2016ರಿಂದ ನಾಲ್ಕು ವರ್ಷ ಅಲ್ಲಾಡಿಸಲಿಲ್ಲ. 2020ರಲ್ಲಿ ಏರಿಸಿ ಮತ್ತೆ ನಾಲ್ಕು ವರ್ಷ ನಿಲ್ಲಿಸಿದರು. 2024ರ ಏಪ್ರಿಲಿನಲ್ಲಿ ಸರಿಪಡಿಸಿದರು, ಆಮೇಲೆ ಮತ್ತೆ ಫ್ರೀಜ್. ಬಾಡಿಗೆ ಮಾತ್ರ ಯಾವ ವರ್ಷವೂ ಫ್ರೀಜ್ ಆಗಲಿಲ್ಲ.

ಇದು ನಮಗೇಕೆ ಅಂತ ನೀವು ಕೇಳಬಹುದು. ವೀಸಾದಲ್ಲಿ ಇರುವ ನಮ್ಮಲ್ಲಿ ಬಹಳ ಜನಕ್ಕೆ ಸಾರ್ವಜನಿಕ ನಿಧಿಯಿಂದ ಸಹಾಯ ಇಲ್ಲ ಅಂತ ಷರತ್ತೇ ಇದೆ. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕಡಿಮೆ ಬಾಡಿಗೆಗೆ ಕೊಡುವ ಮನೆಯೂ ಇಲ್ಲ, ಈ ಅಲೋಯನ್ಸೂ ಇಲ್ಲ. ನಿಜ. ಆದರೂ ನಮಗೆ ಸಂಬಂಧ ಇದೆ. ಆ ಸಹಾಯದಲ್ಲಿ ನಗರದೊಳಗೆ ಇರಲಾಗದ ಕುಟುಂಬಗಳು ಎಲ್ಲಿಗೆ ಹೋಗುತ್ತವೆ? ನಾವು ಹುಡುಕುವ ಅದೇ ಹೇವರ್‌ಹಿಲ್‌ಗೆ, ಅದೇ ಈಲಿಗೆ. ಕಡಿಮೆ ಬಾಡಿಗೆಯ ಅದೇ ಕೆಲವು ಮನೆಗೆ ಎಲ್ಲರೂ ಕ್ಯೂ. 'ವಲಸೆ ಬಂದವರಿಂದ ನಮಗೆ ಮನೆ ಸಿಗುತ್ತಿಲ್ಲ' ಅನ್ನೋ ಮಾತು ಹುಟ್ಟುವುದು ಆ ಕ್ಯೂನಲ್ಲಿ. ನಕ್ಷೆ ಬರೆದವರು ಆ ಕ್ಯೂನಲ್ಲಿ ನಿಂತಿರುವುದಿಲ್ಲ.

ಹಾಗಾದರೆ ಕೌನ್ಸಿಲ್ ಏನು ಮಾಡುತ್ತಿದೆ? 1980ರ ಕಾಯ್ದೆ ಬಂದ ಮೇಲೆ ಕೌನ್ಸಿಲ್ ಮನೆಯ ಬಾಡಿಗೆದಾರರು ಅದನ್ನು ರಿಯಾಯಿತಿಯಲ್ಲಿ ಕೊಂಡುಕೊಳ್ಳುವ ಹಕ್ಕು ಪಡೆದರು. ಇಂಗ್ಲೆಂಡಿನಲ್ಲಿ ಸುಮಾರು 20 ಲಕ್ಷ ಮನೆ ಹಾಗೆ ಹೋದವು. ಕೊಂಡವರಿಗೆ ಒಳ್ಳೆಯದೇ ಆಯಿತು. ಹೋದ ಮನೆಗೆ ಬದಲಾಗಿ ಹೊಸದು ಕಟ್ಟಲಿಲ್ಲ, ಅದು ಸಮಸ್ಯೆ. 2024ರ ನವೆಂಬರಿನಲ್ಲಿ ಆ ರಿಯಾಯಿತಿಯನ್ನು ಬಹಳ ಇಳಿಸಿದರು. ಕೇಂಬ್ರಿಡ್ಜ್ ಸಿಟಿ ಕೌನ್ಸಿಲ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು: ತನ್ನ ಮನೆಗಳನ್ನು ಬೇರೆ ಸಂಸ್ಥೆಗೆ ಒಪ್ಪಿಸದೆ ಇಟ್ಟುಕೊಂಡಿತು. 2017ರಲ್ಲಿ ಸರ್ಕಾರದಿಂದ ಬಂದ 7 ಕೋಟಿ ಪೌಂಡ್ ಹಿಡಿದು 500 ಹೊಸ ಕೌನ್ಸಿಲ್ ಮನೆ ಕಟ್ಟಲು ಹೊರಟಿತು. ಮಿಲ್ ರೋಡ್ ಪಕ್ಕದ ಹಳೇ ಡಿಪೋ ಜಾಗದಲ್ಲಿ ಎದ್ದಿರುವ ಅಪಾರ್ಟ್‌ಮೆಂಟ್‌ಗಳನ್ನು ನೋಡಿರಬಹುದು, ಅವೂ ಅದರಲ್ಲೇ ಬರುತ್ತವೆ.

ಖಾಸಗಿ ಬಿಲ್ಡರುಗಳಿಗೂ ನಿಯಮ ಇದೆ. ನಗರದಲ್ಲಿ 15 ಅಥವಾ ಜಾಸ್ತಿ ಮನೆ ಕಟ್ಟಿದರೆ ಶೇ. 40 'ಕೈಗೆಟುಕುವ' ಮನೆ ಇರಬೇಕು. ಆದರೆ ಸರ್ಕಾರದ ಪ್ರಕಾರ ಮಾರುಕಟ್ಟೆ ಬಾಡಿಗೆಯ ಶೇ. 80ರವರೆಗೆ ಇದ್ದರೂ ಅದು ಕೈಗೆಟುಕುವ ಬಾಡಿಗೆಯೇ. 1,700ರ ಶೇ. 80 ಅಂದರೆ 1,360. ನಮ್ಮ ನರ್ಸಿನ 1,035 ನೆನಪಿದೆ ತಾನೇ? ಯಾರ ಕೈ ಅಷ್ಟು ಉದ್ದ ಇದೆಯೋ ಗೊತ್ತಿಲ್ಲ.

ವಿಶ್ವವಿದ್ಯಾಲಯ ತನ್ನ ಸಮಸ್ಯೆಯನ್ನು ತಾನೇ ಬಗೆಹರಿಸಿಕೊಂಡಿತು. ಎಡಿಂಗ್‌ಟನ್‌ನಲ್ಲಿ 3,000 ಮನೆಗಳ ಯೋಜನೆ, ಅದರಲ್ಲಿ ಅರ್ಧದಷ್ಟು ತನ್ನ ನೌಕರರಿಗೆ ಕಡಿಮೆ ಬಾಡಿಗೆಗೆ. 2017ರಲ್ಲಿ ಶುರುವಾಯಿತು. ಒಳ್ಳೆಯ ಕೆಲಸ. ಜಮೀನೂ ಇದೆ, ಸಾಲ ಎತ್ತುವ ತಾಕತ್ತೂ ಇದೆ. ಆಸ್ಪತ್ರೆಯ ವಾರ್ಡ್ ಗುಡಿಸುವವರಿಗೆ, ಬಸ್ ಓಡಿಸುವವರಿಗೆ ಅಂಥ ಜಮೀನ್ದಾರ ಇಲ್ಲ. ಸೆಂಟರ್ ಫಾರ್ ಸಿಟೀಸ್ ಸಂಸ್ಥೆ 2018ರಲ್ಲಿ ಕೇಂಬ್ರಿಡ್ಜ್ ಅನ್ನು ಇಡೀ ದೇಶದಲ್ಲೇ ಅತಿ ಹೆಚ್ಚು ಅಸಮಾನತೆ ಇರುವ ನಗರ ಅಂತ ಕರೆದಿದ್ದು ಸುಮ್ನೆ ಅಲ್ಲ.

'ಹಾಗಾದರೆ ಬೇಲಿ ಕಿತ್ತು ಕಟ್ಟಿ' ಅನ್ನುತ್ತೀರಾ? ಅಲ್ಲೊಂದು ತೊಡಕಿದೆ. ನೀರು. ಮಳೆ ಸುರಿಯುವ ಇಂಗ್ಲೆಂಡಿನಲ್ಲಿ ನೀರಿಗೆ ಬರ ಅಂದರೆ ನಗು ಬರುತ್ತದೆ. ಆದರೆ ಈ ಭಾಗ ದೇಶದಲ್ಲೇ ಒಣ ಪ್ರದೇಶ. ಕೇಂಬ್ರಿಡ್ಜ್‌ನ ನಲ್ಲಿಗೆ ಬರುವುದು ಚಾಕ್ ಅನ್ನೋ ಮೆತ್ತನೆಯ ಸುಣ್ಣಕಲ್ಲಿನ ಪದರದೊಳಗಿನ ಅಂತರ್ಜಲ. ಅದನ್ನು ಜಾಸ್ತಿ ಎತ್ತಿದರೆ ಅದರಿಂದ ಹುಟ್ಟುವ ಸಣ್ಣ ಹೊಳೆಗಳು ಬತ್ತುತ್ತವೆ. ಅಂಥ ಹೊಳೆಗಳು ಜಗತ್ತಿನಲ್ಲೇ ಬಹಳ ಕಡಿಮೆ ಇವೆ, ಅದರಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲಿವೆ. ಇದೇ ಕಾರಣಕ್ಕೆ ಪರಿಸರ ಇಲಾಖೆಯವರು ಸಾವಿರಾರು ಮನೆಗಳ ಯೋಜನೆಗಳಿಗೆ ತಕರಾರು ಹಾಕಿದರು. ಗ್ರಾಫಮ್ ಜಲಾಶಯದಿಂದ ಪೈಪಿನಲ್ಲಿ ನೀರು ತರುವುದು, ಫೆನ್ಸ್ ಅನ್ನೋ ತಗ್ಗು ಪ್ರದೇಶದಲ್ಲಿ ಹೊಸ ಜಲಾಶಯ ಕಟ್ಟುವುದು ಅಂತ ಯೋಜನೆ ಇದೆ. ಇತ್ತ ಲಂಡನ್ನಿನಲ್ಲಿ ಕೂತ ಮಂತ್ರಿಗಳು ಇಲ್ಲಿ ಒಂದೂವರೆ ಲಕ್ಷ ಮನೆ ಕಟ್ಟುವ ಮಾತೂ ಆಡಿದ್ದಾರೆ. ಬೋರ್‌ವೆಲ್ ನಂಬಿ ಬಡಾವಣೆ ಎಬ್ಬಿಸಿದರೆ ಏನಾಗುತ್ತದೆ ಅಂತ ವೈಟ್‌ಫೀಲ್ಡ್ ಕಡೆಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾನೂನು. ಇದು ನಿಮಗೆ ನೇರ ಉಪಯೋಗಕ್ಕೆ ಬರುವುದು. 2025ರ ಅಕ್ಟೋಬರಿನಲ್ಲಿ ರೆಂಟರ್ಸ್ ರೈಟ್ಸ್ ಕಾಯ್ದೆಗೆ ರಾಜಮುದ್ರೆ ಬಿತ್ತು. ಮುಖ್ಯ ಭಾಗ ಜಾರಿಯಾಗುವ ದಿನ 2026ರ ಮೇ 1. ಇಷ್ಟು ಕಾಲ ಸೆಕ್ಷನ್ 21 ಅಂತ ಒಂದಿತ್ತು. ಕಾರಣ ಹೇಳದೆ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದಿತ್ತು. ತೇವ ಹಿಡಿದ ಗೋಡೆ, ಬೂಷ್ಟು, ಕೆಟ್ಟ ಬಾಯ್ಲರ್ ಬಗ್ಗೆ ಜನ ಬಾಯಿ ಬಿಡದೇ ಇದ್ದದ್ದು ಆ ಭಯಕ್ಕೆ. ಹೊಸ ಕಾಯ್ದೆಯಲ್ಲಿ ಅದು ಹೋಗುತ್ತದೆ. ಮಾಲೀಕರು ತಾವೇ ಇರಲು ಬರುತ್ತೇವೆ, ಮಾರುತ್ತೇವೆ ಅಂತ ಕಾನೂನಿನಲ್ಲಿರುವ ಕಾರಣ ತೋರಿಸಲೇಬೇಕು. ಜಾಹೀರಾತಿನಲ್ಲಿ ಹಾಕಿದ ಬಾಡಿಗೆಗಿಂತ ಜಾಸ್ತಿ ಕೊಡುತ್ತೇನೆ ಅಂತ ಹರಾಜು ಕೂಗುವುದೂ ಬಂದ್. ಒಂದು ತಿಂಗಳಿಗಿಂತ ಜಾಸ್ತಿ ಬಾಡಿಗೆ ಮುಂಗಡ ಕೇಳುವಂತಿಲ್ಲ. ಆಗಲೇ ಹೇಳಿದ ಆರು ತಿಂಗಳ ದುಡ್ಡಿನ ದಾರಿ ಇದರಿಂದ ಮುಚ್ಚಿತು. ಒಳ್ಳೆಯದೇ, ಆದರೆ ಜಾಮೀನುದಾರರನ್ನು ಕೇಳುವುದು ಹಾಗೇ ಉಳಿದಿದೆ. ಹೊಸದಾಗಿ ಬರುವವರಿಗೆ ಇದು ಇನ್ನಷ್ಟು ಬಿಗಿಯಾಗಬಹುದು ಅನ್ನೋ ಅಳುಕು ನನಗಿದೆ. ಇಲ್ಲಿ ನೆಲೆಯೂರಿದವರು ಅಂಥವರಿಗೆ ಜಾಮೀನು ನಿಲ್ಲುವ ಮುಂಚೆ ಒಪ್ಪಂದವನ್ನು ಪೂರ್ತಿ ಓದಿ. ಬರೀ ನಿಮ್ಮವರ ಪಾಲಿಗೋ ಇಡೀ ಮನೆಯ ಬಾಡಿಗೆಗೋ ನೋಡಿಕೊಳ್ಳಿ.

ಡೆಪಾಸಿಟ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕೆಳಗಿದ್ದರೆ ಈ ನಿಯಮ, ಅಂದರೆ ನಮಗೆಲ್ಲ ಅನ್ವಯ. 30 ದಿನದೊಳಗೆ ಅದನ್ನು ಸರ್ಕಾರ ಒಪ್ಪಿದ ಸಂರಕ್ಷಣಾ ಸ್ಕೀಮಿನಲ್ಲಿ ಇಡಬೇಕು. ನಮ್ಮ ಹಳೇ ಬಾಡಿಗೆ ಮನೆ ಬಿಡುವಾಗ ಓವನ್ ತೊಳೆದಿಲ್ಲ, ಕಾರ್ಪೆಟ್ ಕಲೆ ಅಂತ ಒಂದು ಏಜೆನ್ಸಿ ದೊಡ್ಡ ಮೊತ್ತ ಕಡಿಯಲು ನೋಡಿತು. ನನ್ನ ಹೆಂಡತಿ ಒಳಬಂದ ದಿನವೇ ಮೂಲೆಮೂಲೆಯ ಫೋಟೋ ತೆಗೆದಿಟ್ಟಿದ್ದಳು, ಓವನ್ ಒಳಗಿನದ್ದೂ. ಸ್ಕೀಮಿನ ಉಚಿತ ವ್ಯಾಜ್ಯ ತೀರ್ಮಾನಕ್ಕೆ ಹಾಕಿದೆವು. ಹೆಚ್ಚುಕಡಿಮೆ ಪೂರ್ತಿ ವಾಪಸ್ ಬಂತು. ದಿನಾಂಕ ಇರುವ ಫೋಟೋ ಮುಂದೆ ಏಜೆಂಟರ ಇಂಗ್ಲಿಷ್ ನಡೆಯುವುದಿಲ್ಲ.

ಇನ್ನೊಂದು ವಿಷಯ ನಮ್ಮವರಿಗೇ ವಿಶೇಷ. ಬಾಡಿಗೆ ಉಳಿಸಲು ಎರಡು ಕುಟುಂಬ ಸೇರಿ ಒಂದು ಮನೆ ಹಿಡಿಯುತ್ತೇವೆ. ತಪ್ಪೇನಿಲ್ಲ. ಆದರೆ ಬೇರೆ ಬೇರೆ ಕುಟುಂಬದ ಐದು ಅಥವಾ ಜಾಸ್ತಿ ಜನ ಅಡುಗೆಮನೆ ಬಚ್ಚಲು ಹಂಚಿಕೊಂಡರೆ ಆ ಮನೆಗೆ ಎಚ್‌ಎಂಒ ಲೈಸೆನ್ಸ್, ಅಂದರೆ ಹಂಚಿಕೊಂಡ ಮನೆಗೆ ಕೌನ್ಸಿಲ್ ಕೊಡುವ ಪರವಾನಗಿ ಬೇಕು. ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಲೈಸೆನ್ಸ್ ತಗೊಳ್ಳುವುದು ಮಾಲೀಕರ ಜವಾಬ್ದಾರಿ. ಆದರೆ ಮಾಲೀಕರಿಗೆ ಹೇಳದೆ ಎರಡನೇ ಕುಟುಂಬವನ್ನು ಒಳಗೆ ಸೇರಿಸಿಕೊಂಡರೆ ತಲೆನೋವು ನಿಮ್ಮದು.

ಈಗ ಪ್ರಶ್ನೆಗಳು.

ಒಬ್ಬ ಹುಡುಗಿ ಕೇಳಿದಳು: "ಅಂಕಲ್, ಮಾಲೀಕರು ಒಂದೇ ಸಲ 250 ಪೌಂಡ್ ಏರಿಸ್ತೀನಿ ಅಂತ ವಾಟ್ಸಾಪ್ ಮಾಡಿದಾರೆ. ಕಟ್ಟಲೇಬೇಕಾ?"

ವಾಟ್ಸಾಪ್ ಸಾಲದಮ್ಮ. ಹೊಸ ನಿಯಮದಲ್ಲಿ ಬಾಡಿಗೆ ಏರಿಸುವುದು ವರ್ಷಕ್ಕೆ ಒಂದೇ ಸಲ, ಅದೂ ಸೆಕ್ಷನ್ 13ರ ಫಾರಂನಲ್ಲಿ, ಎರಡು ತಿಂಗಳ ಮುಂಚೆ. ಜಾಸ್ತಿ ಅನ್ನಿಸಿದರೆ ಬಾಡಿಗೆ ವ್ಯಾಜ್ಯ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋಗಬಹುದು. ಮಾಲೀಕರು ಕೇಳಿದ್ದಕ್ಕಿಂತ ಜಾಸ್ತಿ ಅವರು ನಿಗದಿ ಮಾಡುವಂತಿಲ್ಲ, ಹಾಗಾಗಿ ಆ ಹೆದರಿಕೆ ಬೇಡ. ಆದರೆ ಒಂದು ತಿಳಿದಿರು. ಟ್ರಿಬ್ಯೂನಲ್ ನೋಡುವುದು ಅಕ್ಕಪಕ್ಕದ ಮನೆಗೆ ಎಷ್ಟು ಬಾಡಿಗೆ ಅಂತ, ನಿನ್ನ ಸಂಬಳ ಎಷ್ಟು ಅಂತ ಅಲ್ಲ. ನಿನ್ನ ಬೀದಿಯಲ್ಲಿ ಎಲ್ಲ ಮನೆಗೂ ಅಷ್ಟೇ ಇದ್ದರೆ ಗೆಲ್ಲುವುದು ಕಷ್ಟ. ಮೊದಲು ಅದೇ ರಸ್ತೆಯ ನಾಲ್ಕೈದು ಜಾಹೀರಾತು ಇಳಿಸಿಕೊಂಡು ಮಾಲೀಕರ ಹತ್ತಿರ ಮಾತಾಡು. ಒಳ್ಳೆಯ ಬಾಡಿಗೆದಾರರು ಬಿಟ್ಟುಹೋಗಿ ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅವರಿಗೆ ಆಗುವ ನಷ್ಟ ಅವರಿಗೂ ಗೊತ್ತಿರುತ್ತದೆ.

ಕೊನೆಗೆ, ಸಂಘಟಕರು ಹೇಳಿದ ಪ್ರಶ್ನೆಯನ್ನೇ ಕ್ಯಾಂಬೋರ್ನ್‌ನ ಹಿರಿಯರೊಬ್ಬರು ಕೇಳಿದರು: "ಬೆಲೆ ಬೀಳುತ್ತಾ? ಮಗನಿಗೆ ಕಾಯಿ ಅಂತ ಹೇಳಲಾ?"

ಬೀಳಲಿ ಅಂತ ಕಾದು ಕೂರಬೇಡಿ ಅನ್ನುತ್ತೇನೆ ಸಾರ್. ಇಲ್ಲಿ ಕೆಲಸ ಬರುವುದು ನಿಂತಿಲ್ಲ, ಮನೆ ಬರುವುದು ನಿಧಾನ. 2022ರ ಈಚೆಗೆ ಬೆಲೆ ಹೆಚ್ಚು ಏರಿಲ್ಲ, ನಿಜ. ಸಂಬಳ, ಸಾಮಾನಿನ ಬೆಲೆ ಏರಿದ ಲೆಕ್ಕದಲ್ಲಿ ಸ್ವಲ್ಪ ಇಳಿದಂತೆಯೂ ಆಗಿದೆ. ಮನೆಯ ಬೆಲೆ ಇಲ್ಲಿ ಇಳಿಯುವುದು ಹಾಗೆಯೇ, ಸದ್ದಿಲ್ಲದೆ. ಮಗನ ವೀಸಾ ಗಟ್ಟಿಯಾಗಿದೆಯಾ, ಐದಾರು ವರ್ಷ ಇದೇ ಊರಲ್ಲಿ ಇರುತ್ತಾನಾ, ಅದನ್ನು ಮೊದಲು ನೋಡಿ. ವೀಸಾದಲ್ಲಿ ಇರುವವರಿಗೆ ಕೆಲವು ಬ್ಯಾಂಕು ಜಾಸ್ತಿ ಡೆಪಾಸಿಟ್ ಕೇಳುತ್ತವೆ. 2025ರ ಏಪ್ರಿಲಿನಿಂದ ಮೊದಲ ಮನೆಗೆ ಮೂರು ಲಕ್ಷದವರೆಗೆ ಮಾತ್ರ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಐದು ಲಕ್ಷ ದಾಟಿದರೆ ಆ ರಿಯಾಯಿತಿಯೇ ಇಲ್ಲ. ಊರಲ್ಲಿ ಅವನ ಹೆಸರಿಗೆ ಸೈಟೋ ಫ್ಲ್ಯಾಟೋ ಇದ್ದರೆ ಅದನ್ನು ವಕೀಲರಿಗೆ ಮೊದಲೇ ಹೇಳಲಿ. ಬೇರೆ ದೇಶದಲ್ಲಿ ಮನೆ ಇದ್ದರೂ ಇಲ್ಲಿ ಮೊದಲ ಮನೆ ಅಂತ ಎಣಿಸುವುದಿಲ್ಲ, ಮೇಲೆ ಶೇ. 5 ಜಾಸ್ತಿ ಡ್ಯೂಟಿಯೂ ಬೀಳಬಹುದು. ಫ್ಲ್ಯಾಟ್ ಆದರೆ ಸಾಮಾನ್ಯವಾಗಿ ಲೀಸ್‌ಹೋಲ್ಡ್, ಅಂದರೆ ಬಹುವರ್ಷದ ಗುತ್ತಿಗೆ; ಕಟ್ಟಡದ ನಿರ್ವಹಣೆಗೆ ಕಟ್ಟುವ ಸರ್ವಿಸ್ ಚಾರ್ಜ್ ವರ್ಷಕ್ಕೆ ಎಷ್ಟು, ಹಿಂದಿನ ಮೂರು ವರ್ಷ ಎಷ್ಟು ಏರಿದೆ ಅಂತ ಕಾಗದದಲ್ಲಿ ಕೇಳಲಿ. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಆ ಮನೆಯಿಂದ ಆಫೀಸಿಗೆ ಒಮ್ಮೆ ಹೋಗಿ ಬರಲಿ. ಮನೆ ತೋರಿಸುವವರು ಯಾವಾಗಲೂ ಶನಿವಾರ ಮಧ್ಯಾಹ್ನವೇ ಕರೆಯುತ್ತಾರೆ.